ಮ್ಯಾಂಡೊಲಿನ್ ವೃಂದಕ್ಕೆ ಮಲಹರಿ: ಒಂದು ಆಕ್ಷೇಪಕ್ಕೆ ಉತ್ತರ

ಮಾನ್ಯ ಸಂಪಾದಕರೇ,

ಜರ್ಮನಿಯ ಸಣ್ಣ ಊರೊಂದರ ಹವ್ಯಾಸಿ ಮ್ಯಾಂಡೊಲಿನ್ ವೃಂದವು ಮಲಹರಿ ರಾಗದಲ್ಲಿರುವ ಪುರಂದರದಾಸರ ‘ಶ್ರೀ ಗಣನಾಥ’ ಗೀತೆಯನ್ನು ಆಧರಿಸಿದ ರಚನೆಯೊಂದನ್ನು ನುಡಿಸಿತೆಂಬ ಕಿರುಸುದ್ದಿ ತಮ್ಮ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಅದರ ಬೆನ್ನಿಗೇ ಹಿರಿಯ ಸಂಗೀತ ಶಿಕ್ಷಕರೊಬ್ಬರು ಬರೆದ ಆಕ್ಷೇಪದ ಪತ್ರವೂ ಓದುಗರ ಅಂಕಣದಲ್ಲಿ ಬಂತು. ಆ ರಚನೆಯನ್ನು ಬರೆದವನು ನಾನೇ ಆದುದರಿಂದ ಉತ್ತರ ಕೊಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ. ಹಿರಿಯರ ಮಾತಿನಲ್ಲಿ ಒಪ್ಪತಕ್ಕ ಸಂಗತಿಗಳೂ ಇವೆ; ಅವನ್ನು ಮರೆಮಾಚುವ ಇರಾದೆ ನನಗಿಲ್ಲ.

ಅವರ ಆಕ್ಷೇಪದ ತಿರುಳು ಇಷ್ಟು: ಒಂದು ಗೀತೆಯನ್ನು ಆರು ಬಗೆಯಾಗಿ ತಿರುಚಿ ನುಡಿಸುವುದು ನಮ್ಮ ಪದ್ಧತಿಗೆ ಹೊರತಾದದ್ದು, ಹಾಗೆ ಮಾಡಲೇಬೇಕೆಂದಿದ್ದರೆ ಪಳಗಿದ ಕೈಗಳಾದರೂ ಬೇಕು, ವಾರಕ್ಕೊಂದು ಸಂಜೆ ಕಲೆಯುವ ಹವ್ಯಾಸಿಗಳ ಕೈಗೆ ದಾಸರ ಗೀತೆಯನ್ನು ಒಪ್ಪಿಸಬಾರದಿತ್ತು, ಮ್ಯಾಂಡೊಲಿನ್‌ನಲ್ಲಿ ನಮ್ಮ ಸಂಗೀತ ಹೇಗಿರಬೇಕೆಂಬುದನ್ನು ಯು. ಶ್ರೀನಿವಾಸ್ ತೋರಿಸಿಕೊಟ್ಟ ಮೇಲೆ ಇಂಥ ಪ್ರಯೋಗಗಳ ಅಗತ್ಯವೇ ಇಲ್ಲ.

ಕೊನೆಯ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅಲ್ಲಿ ಎರಡು ಬೇರೆ ಬೇರೆ ವಾದ್ಯಗಳು ಒಂದೇ ಹೆಸರಿನಡಿ ಸೇರಿಕೊಂಡಿವೆ. ಶ್ರೀನಿವಾಸ್ (1969–2014) ನುಡಿಸುತ್ತಿದ್ದುದು ಐದು ಒಂಟಿ ತಂತಿಗಳ ವಿದ್ಯುತ್ ಮ್ಯಾಂಡೊಲಿನ್. ತಂತಿಯನ್ನು ಎಳೆದು, ಜಾರಿಸಿ ಗಮಕ, ಅಂದರೆ ಸ್ವರದ ಬಳುಕು, ತರಬೇಕಾದರೆ ಜೋಡಿ ತಂತಿ ಅಡ್ಡಿಯಾಗುತ್ತದೆ. ಮೀಟಿದ ನಾದ ಉಳಿಯಬೇಕಾದರೆ ವಿದ್ಯುತ್ತಿನ ಆಸರೆ ಬೇಕಾಗುತ್ತದೆ. ವಾದ್ಯವನ್ನು ನಮ್ಮ ಸಂಗೀತಕ್ಕೆ ಬಗ್ಗಿಸಿದ್ದು ಅವರ ಪ್ರತಿಭೆ. ಯುರೋಪಿನ ವೃಂದಗಳಲ್ಲಿರುವುದಾದರೋ ಇಟಲಿಯ ನೇಪಲ್ಸ್‌ನಲ್ಲಿ ಹದಿನೆಂಟನೆಯ ಶತಮಾನದಲ್ಲಿ ವಿನಾಚಿಯಾ ಮನೆತನದಂಥ ಕುಶಲಕರ್ಮಿಗಳ ಕೈಯಲ್ಲಿ ರೂಪುಗೊಂಡ ವಾದ್ಯದ ವಂಶದ್ದು: ನಾಲ್ಕು ಜೋಡಿ ತಂತಿ, ವಯೊಲಿನ್‌ನಂತೆಯೇ ಜಿ, ಡಿ, ಎ, ಇ ಶ್ರುತಿಗಳು, ಬೆರಳೊತ್ತುವ ಜಾಗಗಳನ್ನು ಗೊತ್ತುಮಾಡುವ, ಗಟ್ಟಿಯಾಗಿ ಕೂಡಿಸಿದ ಮೆಟ್ಟಿಲುಗಳು (ಫ್ರೆಟ್). ಮೀಟಿದ ಸ್ವರ ಅರೆಕ್ಷಣದಲ್ಲಿ ಆರಿಹೋಗುವುದರಿಂದ, ದೀರ್ಘ ಸ್ವರ ಬೇಕಾದಾಗ ಪ್ಲೆಕ್ಟ್ರಮ್ಮನ್ನು (ತಂತಿ ಮೀಟುವ ಪುಟ್ಟ ಬಿಲ್ಲೆಯನ್ನು) ಮೇಲೆಕೆಳಗೆ ಬಿರುಸಾಗಿ ಆಡಿಸಿ ‘ಟ್ರೆಮೊಲೊ’ ಹಿಡಿಯುತ್ತಾರೆ. ಒಬ್ಬನೇ ನುಡಿಸಿದಾಗ ಅದು ಕೊಂಚ ಗಡಗಡವೆನಿಸುವುದುಂಟು. ಹತ್ತು ಹನ್ನೆರಡು ಮಂದಿ, ಪ್ರತಿಯೊಬ್ಬರೂ ತಮ್ಮ ತಮ್ಮ ಮಣಿಕಟ್ಟಿನ ವೇಗದಲ್ಲಿ ಹಿಡಿದಾಗ ಮಾತ್ರ ಅಂಚುಗಳು ಕರಗಿ, ಕೆರೆಯ ನೀರಿನ ಮೇಲೆ ಬಿಸಿಲು ಅಲುಗಿದಂಥ ನಾದವೊಂದು ಹುಟ್ಟುತ್ತದೆ. ಕೈಗಳು ಒಂದೇ ಸಮ ಇಲ್ಲದಿರುವುದು ಇಲ್ಲಿ ದೋಷವಲ್ಲ, ಆ ನಾದದ ಕಾರಣವೇ ಅದು.

ಇಂಥ ವೃಂದಗಳು ಯುರೋಪಿನಲ್ಲಿ ಬೆಳೆದದ್ದೇ ಹವ್ಯಾಸಿಗಳಿಂದ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಇಟಲಿಯಲ್ಲಿ ಆರಂಭವಾದ ಈ ಹುಚ್ಚು ಜರ್ಮನಿಗೆ ಬಂದಾಗ ಕಾರ್ಮಿಕರ ಸಂಘಗಳಲ್ಲಿ, ಚಾರಣದ ಹುಡುಗ ಹುಡುಗಿಯರ ಕೂಟಗಳಲ್ಲಿ ನೆಲೆಯೂರಿತು. ಪಿಯಾನೊ ಕೊಳ್ಳಲಾರದವರೂ ಕೊಳ್ಳಬಹುದಾದ ವಾದ್ಯ ಅದಾಗಿತ್ತು. ಬರ್ಲಿನ್ನಿನ ಕೊನ್ರಾಡ್ ವೋಲ್ಕಿ (1904–1983) ಅಂಥವರು ಅದಕ್ಕಾಗಿ ಗಂಭೀರ ರಚನೆಗಳನ್ನು ಬರೆದು ಅದರ ಮರ್ಯಾದೆ ಹೆಚ್ಚಿಸಿದರು. ಜಪಾನಿನ ಕೆಯೊ ವಿಶ್ವವಿದ್ಯಾಲಯದ ಮ್ಯಾಂಡೊಲಿನ್ ಕ್ಲಬ್ 1910ರಷ್ಟು ಹಳೆಯದು. 2023ರಲ್ಲಿ ಜರ್ಮನಿಯ ರಾಜ್ಯಗಳ ಸಂಗೀತ ಮಂಡಳಿಗಳು ಮ್ಯಾಂಡೊಲಿನ್ನನ್ನೇ ‘ವರ್ಷದ ವಾದ್ಯ’ವೆಂದು ಆರಿಸಿದವು. ಆದರೂ ಸಂಜೆಯ ತಾಲೀಮಿಗೆ ಬರುವವರು ಇಂದಿಗೂ ದಾದಿಯರು, ಬಡಗಿಗಳು, ನಿವೃತ್ತರು, ಶಾಲೆಯ ಮಕ್ಕಳು. ನಮ್ಮ ವೃಂದದಲ್ಲಿ ಹತ್ತೊಂಬತ್ತು ಮಂದಿ: ಮೊದಲ ಮ್ಯಾಂಡೊಲಿನ್ ಆರು, ಎರಡನೆಯದು ಐದು, ಒಂದು ಸ್ಥಾಯಿ ಕೆಳಗೆ ನುಡಿಯುವ ಮ್ಯಾಂಡೊಲಾ ಮೂರು, ಗಿಟಾರ್ ನಾಲ್ಕು, ಡಬಲ್ ಬೇಸ್ ಒಂದು. ತಂತಿಗಳನ್ನು ಒಮ್ಮೆ ಎಣಿಸಿದ್ದೆ, 140 ಇದ್ದವು. ತಾಲೀಮಿನ ಮೊದಲ ಕಾಲು ಗಂಟೆ ಶ್ರುತಿ ಮಾಡುವುದಕ್ಕೇ ಸಲ್ಲುತ್ತದೆ.

ಇಂಥವರಿಗಾಗಿ ಏನನ್ನು ಬರೆಯಬೇಕು? ಪಾಶ್ಚಾತ್ಯರಲ್ಲಿ ‘ಥೀಮ್ ಅಂಡ್ ವೇರಿಯೇಷನ್ಸ್’ ಎಂಬುದೊಂದು ಹಳೆಯ ರಚನಾಕ್ರಮವಿದೆ. ಮೊದಲು ಒಂದು ಸರಳವಾದ ಮಟ್ಟನ್ನು ನುಡಿಸಿ, ಆಮೇಲೆ ಅದರ ಚೌಕಟ್ಟನ್ನು ಬಿಡದೆ, ಲಯ, ವೇಗ, ಸ್ವರಜೋಡಣೆ, ವಾದ್ಯಗಳ ಹಂಚಿಕೆ ಇವುಗಳನ್ನು ಬದಲಿಸುತ್ತ ಒಂದರ ಹಿಂದೊಂದರಂತೆ ರೂಪಭೇದಗಳನ್ನು ಕೊಡುವುದು ಅದರ ಬಗೆ. ಬೆಥೋವನ್ 1796ರಲ್ಲಿ ಪ್ರಾಗ್ ನಗರದಲ್ಲಿದ್ದಾಗ ಮ್ಯಾಂಡೊಲಿನ್ ನುಡಿಸುತ್ತಿದ್ದ ಯುವತಿ ಜೋಸೆಫೀನ್ ಕ್ಲಾರಿಗಾಗಿ ಬರೆದ ಪುಟ್ಟ ರಚನೆಗಳಲ್ಲಿ ಒಂದು ಇದೇ ಕ್ರಮದ್ದು. ಆಕೆ ವೃತ್ತಿಯ ಕಲಾವಿದೆಯಲ್ಲ, ಸಿರಿವಂತ ಮನೆಯ ಹವ್ಯಾಸಿ ಎಂಬುದನ್ನು ಹಿರಿಯರು ಗಮನಿಸಬೇಕೆಂದು ವಿನಂತಿ.

ಹವ್ಯಾಸಿ ವೃಂದಕ್ಕೆ ಈ ಕ್ರಮ ಒಗ್ಗುವುದಕ್ಕೆ ಹೊರಗಿನವರಿಗೆ ಥಟ್ಟನೆ ಹೊಳೆಯದ ಕಾರಣಗಳಿವೆ. ಎರಡನೆಯ ಮ್ಯಾಂಡೊಲಿನ್ ಸಾಲಿನವರನ್ನು ನೋಡಿ. ಸಾಮಾನ್ಯ ರಚನೆಗಳಲ್ಲಿ ಅವರದು ವರ್ಷಗಟ್ಟಲೆ ‘ಚಕ್ ಚಕ್’ ಎಂದು ಒತ್ತು ಕೊಡುವ ಕೆಲಸ. ಮಟ್ಟು ಯಾವಾಗಲೂ ಮುಂದಿನ ಸಾಲಿನವರ ಪಾಲು. ರೂಪಭೇದಗಳಲ್ಲಿಯಾದರೆ ಪ್ರತಿಯೊಂದು ಸಾಲಿಗೂ ಒಂದು ಸರದಿ ಕೊಡಬಹುದು. ಒಂದೊಂದು ಭೇದವೂ ಒಂದು ನಿಮಿಷದೊಳಗೆ ಮುಗಿಯುವುದರಿಂದ ದಾರಿ ತಪ್ಪಿದವರು ಹೆಚ್ಚು ಹೊತ್ತು ಅಲೆಯಬೇಕಾಗಿಲ್ಲ, ಮುಂದಿನದರ ಎಡುಪಿನಲ್ಲಿ, ಅಂದರೆ ಆರಂಭದಲ್ಲಿ, ಸೇರಿಕೊಳ್ಳಬಹುದು. ಜ್ವರವೋ ರಜೆಯೋ ಬಂದು ಗಿಟಾರಿನವರು ಇಬ್ಬರೇ ಉಳಿದರೆ ಅವರ ಭೇದವನ್ನು ಆ ದಿನದ ಮಟ್ಟಿಗೆ ಬಿಟ್ಟರೂ ರಚನೆ ಕುಸಿಯುವುದಿಲ್ಲ.

ಇನ್ನು, ‘ಶ್ರೀ ಗಣನಾಥ’ದಂಥ ಪಿಳ್ಳಾರಿ ಗೀತೆಯೇ ಏಕೆ? ಸರಳೆ, ಜಂಟಿ, ಅಲಂಕಾರಗಳನ್ನು ಮುಗಿಸಿದ ಮಗುವಿಗೆ ನಾವು ಮೊದಲು ಕೊಡುವ ಹಾಡು ಅದು. ಗಮಕದ ಹೊರೆಯಿಲ್ಲದೆ, ಸ್ವರಕ್ಕೊಂದು ಅಕ್ಷರದಂತೆ, ಕಲಿಯುವವರಿಗಾಗಿಯೇ ಕಟ್ಟಿದ್ದು. ಮೆಟ್ಟಿಲುಗಳಿರುವ ವಾದ್ಯದಲ್ಲಿ ಗಮಕವೇ ಜೀವವಾದ ತೋಡಿ ರಾಗವನ್ನೋ ಸಹಾನವನ್ನೋ ನುಡಿಸಹೊರಟಿದ್ದರೆ ಹಿರಿಯರ ಕೋಪದಲ್ಲಿ ನಾನೂ ಪಾಲು ಕೇಳುತ್ತಿದ್ದೆ. ಕಲಿಯುವವರಿಗಾಗಿ ಹುಟ್ಟಿದ ಗೀತೆಯನ್ನು, ಎಪ್ಪತ್ತಾರನೆಯ ವಯಸ್ಸಿನಲ್ಲೂ ಕಲಿಯುತ್ತಲೇ ಇರುವವರು ನುಡಿಸಿದರೆ ಅದು ಅಪಾತ್ರದಾನ ಹೇಗಾಗುತ್ತದೆಂಬುದು ನನಗೆ ತಿಳಿಯದು.

ಶ್ರುತಿಯ ಆಯ್ಕೆಯಲ್ಲಿ ಮೊದಲು ಎಡವಿದೆ. ಡಿ ತಂತಿಯನ್ನು ಆಧಾರಸ್ವರವಾದ ಷಡ್ಜವಾಗಿಟ್ಟು ಬರೆದಾಗ ಕಾಗದದ ಮೇಲೆ ಎಲ್ಲವೂ ಸರಿಯಾಗಿತ್ತು. ಆದರೆ ಮೇಲಿನ ಇ ತಂತಿ ಬಿಡಿಯಾಗಿ, ಅಂದರೆ ಬೆರಳೊತ್ತದೆ, ನುಡಿದರೆ ಅದು ಚತುಶ್ರುತಿ ರಿಷಭವಾಗುತ್ತದೆ, ಮಲಹರಿಗೆ ಬೇಕಾದದ್ದು ಅದಕ್ಕಿಂತ ಒಂದು ಮೆಟ್ಟಿಲು ತಗ್ಗಿನ ಶುದ್ಧ ರಿಷಭ. ಬಿಡಿ ತಂತಿಯನ್ನು ಮೀಟುವುದು ಹವ್ಯಾಸಿಗಳಿಗೆ ಸಹಜ ಅಭ್ಯಾಸವಾದ್ದರಿಂದ ಮೊದಲ ತಾಲೀಮಿನಲ್ಲಿ ಪ್ರತಿ ಆವರ್ತಕ್ಕೂ ಎಲ್ಲಿಂದಲೋ ಒಂದು ಅನ್ಯಸ್ವರ ಮೊಳಗುತ್ತಿತ್ತು. ಅಂದೇ ರಾತ್ರಿ ಎಲ್ಲವನ್ನೂ ಎ ಶ್ರುತಿಗೆ ಏರಿಸಿದೆ. ಈಗ ಬಿಡಿ ಎ ತಂತಿ ಷಡ್ಜ, ಬಿಡಿ ಇ ತಂತಿ ಪಂಚಮ, ಬಿಡಿ ಡಿ ತಂತಿ ಕೆಳಗಿನ ಮಧ್ಯಮ. ‘ಮಪ ದಸಸರಿ’ ಎಂಬ ಮೊದಲ ಆವರ್ತದ ತುತ್ತತುದಿಯ ರಿಷಭ ಮೇಲಿನ ತಂತಿಯ ಆರನೆಯ ಮೆಟ್ಟಿಲಿನಲ್ಲಿ ಕಿರುಬೆರಳಿಗೆ ದಕ್ಕುತ್ತದೆ, ಅಂಗೈಯನ್ನು ಕದಲಿಸಬೇಕಾಗಿಲ್ಲ. ಗಿಟಾರಿನಲ್ಲಂತೂ ಷಡ್ಜ, ಮಧ್ಯಮ, ಪಂಚಮ ಮೂರೂ ಬಿಡಿ ತಂತಿಗಳಲ್ಲೇ ಸಿಗುತ್ತವೆ. ರಚನೆಯ ಗುಣಕ್ಕೂ ಇಂಥ ಲೆಕ್ಕಕ್ಕೂ ಸಂಬಂಧವಿಲ್ಲವೆಂದು ತಿಳಿದವರು ಒಮ್ಮೆ ಹವ್ಯಾಸಿಗಳಿಗಾಗಿ ಬರೆದು ನೋಡಬೇಕು.

ತಾಳದಲ್ಲಿಯೂ ತಪ್ಪಾಯಿತು. ರೂಪಕ ತಾಳದ ಆರು ಅಕ್ಷರಗಳನ್ನು (ಎಣಿಕೆಗಳನ್ನು) ಅವರಿಗೆ ಸುಲಭವಾಗಲೆಂದು ಮೂರು ಮೂರರ ಎರಡು ಗೆರೆಗಳಾಗಿ ಬರೆದುಕೊಟ್ಟೆ. ಅವರು ಬರೆದಂತೆಯೇ ನುಡಿಸಿದರು: ‘ಮಪದ – ಸಸರಿ’. ‘ಶ್ರೀ’ ಎರಡು ಅಕ್ಷರ, ‘ಗಣನಾಥ’ ನಾಲ್ಕು ಅಕ್ಷರ ಎಂಬ ನಡೆಯೇ ಮಾಯವಾಗಿ, ‘ಗ’ ಹಿಂದಿನ ಮನೆಗೆ ಅಂಟಿಕೊಂಡು, ಗಣಪತಿ ಕುಂಟುತ್ತಾ ಬಂದ ಹಾಗಾಯಿತು. ಎರಡರ ಗೆರೆಯೊಂದು, ನಾಲ್ಕರ ಗೆರೆಯೊಂದು ಎಂದು ತಿದ್ದಿ ಬರೆದು, ಕೈಯಲ್ಲಿ ತಾಳ ಹಾಕಿಸಿ, ಸಾಹಿತ್ಯವನ್ನು ಅವರ ಬಾಯಲ್ಲೇ ಹೇಳಿಸಿದ ಮೇಲೆ ಸರಿಹೋಯಿತು. ಜರ್ಮನ್ ನಾಲಿಗೆಗಳಿಗೆ ‘ಸಿಂಧೂರವರ್ಣ’ ಅಷ್ಟೇನೂ ಕಷ್ಟವಾಗಲಿಲ್ಲ. ‘ಲಂಬೋದರ ಲಕುಮಿಕರ’ವನ್ನಂತೂ ಕಾಫಿ ವಿರಾಮದಲ್ಲೂ ಹೇಳಿಕೊಳ್ಳುತ್ತಿದ್ದರು.

ಹಿರಿಯರ ಆಕ್ಷೇಪದಲ್ಲಿ ಅತ್ಯಂತ ತೂಕವುಳ್ಳದ್ದು ಹಾರ್ಮನಿಯ ಬಗ್ಗೆ ಅವರಾಡಿರುವ ಮಾತು. ರಾಗದ ಕೆಳಗೆ ಕಾರ್ಡುಗಳನ್ನು, ಅಂದರೆ ಒಟ್ಟಿಗೇ ನುಡಿಸುವ ಸ್ವರಗುಚ್ಛಗಳನ್ನು, ತುಂಬಿದರೆ ರಾಗ ಸಾಯುತ್ತದೆ ಎಂದಿದ್ದಾರೆ. ಅಜಾಗರೂಕತೆಯಿಂದ ತುಂಬಿದರೆ ಖಂಡಿತ ಸಾಯುತ್ತದೆ. ಮಲಹರಿಯಲ್ಲಿ ನಿಷಾದವೇ ಇಲ್ಲ. ಆದುದರಿಂದ ಪಂಚಮದ ಮೇಲೆ ಪಾಶ್ಚಾತ್ಯರು ಕಟ್ಟುವ, ನಿಷಾದವೂ ಚತುಶ್ರುತಿ ರಿಷಭವೂ ಬೇಕಾದ, ಹಾಡನ್ನು ಷಡ್ಜಕ್ಕೆ ತಂದು ಇಳಿಸುವ ಅವರ ಮುಖ್ಯ ಕಾರ್ಡನ್ನು ಈ ರಾಗದೊಳಗೆ ಕಟ್ಟಲು ಸಾಧ್ಯವೇ ಇಲ್ಲ. ರಾಗದ ಸ್ವರಗಳನ್ನಷ್ಟೇ ಹಿಡಿದರೆ ಬಳಕೆಗೆ ಉಳಿಯುವುದು ಹೆಚ್ಚುಕಡಿಮೆ ಮೂರು: ಸ-ಗ-ಪ, ಮ-ದ-ಸ, ರಿ-ಮ-ದ. ಮೂರನೆಯದು, ಶುದ್ಧ ರಿಷಭದ ಮೇಲೆ ನಿಲ್ಲುವಂಥದ್ದು, ಪಾಶ್ಚಾತ್ಯ ಶಾಸ್ತ್ರದಲ್ಲಿ ‘ನಿಯಾಪೊಲಿಟನ್’, ಅಂದರೆ ನೇಪಲ್ಸ್ ಊರಿನದು, ಎಂಬ ಹೆಸರು ಪಡೆದಿದೆ. ಮ್ಯಾಂಡೊಲಿನ್ ಊರಿನ ಹೆಸರು ಹೊತ್ತ ಕಾರ್ಡು ಮಲಹರಿಯೊಳಗೆ ತಾನಾಗಿಯೇ ಕುಳಿತಿರುವುದು ಕಾಕತಾಳೀಯ. ನನಗಂತೂ ಅದರಿಂದ ಸಂತೋಷವಾಯಿತು. ರಿಷಭದಿಂದ ಷಡ್ಜಕ್ಕೆ ಇಳಿಯುವ ಗೀತೆಯ ಸಹಜ ಮುಕ್ತಾಯಕ್ಕೆ ಅದನ್ನೇ ಆಸರೆಯಾಗಿ ಕೊಟ್ಟೆ.

ಆದರೂ ಒಂದು ತೊಡಕು ಉಳಿಯಿತು. ಮ-ದ-ಸ ಕಾರ್ಡನ್ನು ಎರಡು ಬಾರಿ ಕೇಳಿದರೆ ಸಾಕು, ಪಾಶ್ಚಾತ್ಯ ಕಿವಿ ಮಧ್ಯಮವನ್ನೇ ಮನೆಯೆಂದು ತಿಳಿದುಬಿಡುತ್ತದೆ. ಆಗ ಷಡ್ಜದಲ್ಲಿ ನಿಂತದ್ದು ಹೊಸ್ತಿಲಲ್ಲಿ ನಿಂತಂತೆ ಕೇಳಿಸುತ್ತದೆ. ಮೊದಲ ಸಲ ಕೊನೆಯವರೆಗೆ ನುಡಿಸಿ ಮುಗಿಸಿದಾಗ ಹತ್ತೊಂಬತ್ತು ಮಂದಿಯೂ ಪ್ಲೆಕ್ಟ್ರಮ್ ಎತ್ತಿ ಹಿಡಿದು, ಇನ್ನೂ ಒಂದು ಸ್ವರ ಬರಬೇಕೆಂಬಂತೆ ನಿರ್ದೇಶಕಿಯ ಕೈಯನ್ನೇ ನೋಡುತ್ತಿದ್ದರು. ಆಕೆ ನನ್ನ ಕಡೆ ತಿರುಗಿ, ‘ಕೊನೆಯ ಪುಟ ಕಳೆದುಹೋಗಿದೆಯೇ?’ ಎಂದು ಕೇಳಿದರು. ಅದಾದ ಮೇಲೆ ಮ-ದ-ಸ ಕಾರ್ಡನ್ನು ಬಹುಮಟ್ಟಿಗೆ ಕಿತ್ತುಹಾಕಿದೆ. ಅದರ ಬದಲು ಎರಡು ಗಿಟಾರುಗಳು ಆರಂಭದಿಂದ ಅಂತ್ಯದವರೆಗೆ, ಒಂದು ಭೇದ ಬಿಟ್ಟು ಉಳಿದೆಡೆ ಬೇಸ್ ಕೂಡ, ಷಡ್ಜ ಪಂಚಮಗಳನ್ನು ತಂಬೂರಿಯಂತೆ ಮೀಟುತ್ತಲೇ ಇರುತ್ತವೆ. ಹಾರ್ಮನಿ ಕಡಿಮೆಯಾದಷ್ಟೂ ರಾಗ ಉಸಿರಾಡಿತು. ಈ ಅಂಶದಲ್ಲಿ ಹಿರಿಯರ ಎಚ್ಚರಿಕೆ ನೂರಕ್ಕೆ ನೂರು ಸರಿಯೆಂದು ಒಪ್ಪುತ್ತೇನೆ.

ರೂಪಭೇದವೆಂದರೆ ತಿರುಚುವುದು ಎಂಬ ಮಾತನ್ನು ಮಾತ್ರ ಒಪ್ಪಲಾರೆ. ಕೃತಿಯ ಪಲ್ಲವಿಯ ಒಂದೇ ಸಾಲನ್ನು ಸಂಗತಿಯ (ಆ ಸಾಲಿನದೇ ಹೊಸ ರೂಪದ) ಮೇಲೆ ಸಂಗತಿ ಹಾಕುತ್ತ ಬೆಳೆಸುವವರು ನಾವು. ನೆರವಲಿನಲ್ಲಿ ಸಾಹಿತ್ಯವನ್ನು ಇಟ್ಟುಕೊಂಡೇ ಸ್ವರವನ್ನು ಹತ್ತು ಬಗೆಯಾಗಿ ಹರಡುವವರು ನಾವು. ವ್ಯತ್ಯಾಸ ಇದೆ, ನಿಜ. ಸಂಗತಿಗಳು ಒಂದರ ಹೆಗಲ ಮೇಲೊಂದು ನಿಂತು ಏರುತ್ತವೆ, ಮತ್ತೆ ಮೊದಲ ಸಾಲಿಗೇ ಮರಳುತ್ತವೆ. ಅವರ ಭೇದಗಳು ಇಡೀ ಮಟ್ಟನ್ನು ಪ್ರತಿಸಲವೂ ಬೇರೆ ಉಡುಪಿನಲ್ಲಿ ಕರೆತರುತ್ತವೆ. ನಾನು ಮಾಡಿದ್ದು, ಅವರ ಕ್ರಮದೊಳಗೆ ನಮ್ಮ ಪಾಠದ ಮನೆಯ ಅಭ್ಯಾಸಗಳನ್ನು ಕೂಡಿಸಿದ್ದು. ಮೊದಲ ಭೇದ ಜಂಟಿವರಸೆಯ ನೆನಪು: ಪ್ರತಿ ಸ್ವರವನ್ನೂ ಎರಡೆರಡು ಸಲ, ಕೆಳಮೀಟು ಮೇಲ್ಮೀಟಿನಲ್ಲಿ. ಪ್ಲೆಕ್ಟ್ರಮ್ ಹಿಡಿದವರಿಗೆ ಇದಕ್ಕಿಂತ ಸಹಜವಾದದ್ದು ಬೇರಿಲ್ಲ. ಎರಡನೆಯದರಲ್ಲಿ ಮ್ಯಾಂಡೊಲಾಗಳು ಗೀತೆಯನ್ನು ವಿಳಂಬದಲ್ಲಿ, ಟ್ರೆಮೊಲೊದಲ್ಲಿ ಹಾಡುತ್ತವೆ. ಮೂರನೆಯದು ಗಿಟಾರುಗಳದು.

ನಾಲ್ಕನೆಯದನ್ನು ಮೊದಲು ಒಂದೇ ಸಾಲಿಗೆ, ಓಡುವ ದ್ರುತಕಾಲದ ಸ್ವರಗಳಲ್ಲಿ ಬರೆದಿದ್ದೆ. ತಾಲೀಮಿನ ನಂತರ ಎರಡನೆಯ ಸಾಲಿನ ನಿವೃತ್ತ ಅಂಚೆ ನೌಕರರೊಬ್ಬರು ಬಂದು, ತಮ್ಮ ಕಿರುಬೆರಳಿಗೂ ತಮ್ಮಷ್ಟೇ, ಎಪ್ಪತ್ತಾರು, ವಯಸ್ಸಾಗಿದೆ ಎಂದು ಹೇಳಿ, ಆ ಬೆರಳನ್ನೇ ಎತ್ತಿ ತೋರಿಸಿದರು. ಅವರ ಮಾತಿನಲ್ಲಿ ದೂರಿರಲಿಲ್ಲ, ಮಾಹಿತಿಯಿತ್ತು. ಅದೇ ಓಟವನ್ನು ಎರಡು ಸಾಲುಗಳಿಗೆ ಒಂದೊಂದು ಅಕ್ಷರಕಾಲದಂತೆ ಹಂಚಿದೆ; ಒಬ್ಬರು ನಾಲ್ಕು ಸ್ವರ ನುಡಿಸಿ ನಿಲ್ಲುವಷ್ಟರಲ್ಲಿ ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ. ಕೇಳುವವರಿಗೆ ಓಟ ಅಖಂಡ, ನುಡಿಸುವವರಿಗೆ ನಡುನಡುವೆ ವಿಶ್ರಾಂತಿ. ಜೊತೆಗೆ ಎಡದಿಂದ ಬಲಕ್ಕೆ ನಾದ ಪುಟಿಯುವ ಸೊಗಸೊಂದು ಸಿಕ್ಕಿತು. ಪಳಗಿದ ಆರು ಕೈಗಳಿಗಾಗಿ ಬರೆದಿದ್ದರೆ ಈ ಉಪಾಯ ನನಗೆ ಹೊಳೆಯುತ್ತಲೇ ಇರಲಿಲ್ಲ.

ಮೂರು ಕಾಲದ, ಅಂದರೆ ಮೂರು ವೇಗಗಳ, ಭೇದ ನನಗೆ ಎಲ್ಲಕ್ಕಿಂತ ಪ್ರಿಯ. ಬೇಸ್ ಗೀತೆಯನ್ನು ಒಂದನೆಯ ಕಾಲದಲ್ಲಿ ಒಮ್ಮೆ ನುಡಿಸುವಷ್ಟರಲ್ಲಿ ಮ್ಯಾಂಡೊಲಾಗಳು ಎರಡನೆಯ ಕಾಲದಲ್ಲಿ ಎರಡು ಬಾರಿ, ಮ್ಯಾಂಡೊಲಿನ್‌ಗಳು ಮೂರನೆಯ ಕಾಲದಲ್ಲಿ ನಾಲ್ಕು ಬಾರಿ ನುಡಿಸಿ, ಎಲ್ಲರೂ ಒಂದೇ ಷಡ್ಜದಲ್ಲಿ ಕೂಡುತ್ತಾರೆ. ಇಂಥದ್ದನ್ನು ಯುರೋಪಿನ ರಚನಕಾರರು ಶತಮಾನಗಳಿಂದ ಮಾಡುತ್ತ ಬಂದಿದ್ದಾರೆ. ನಮ್ಮ ಮಕ್ಕಳು ಬೆಳಗಿನ ಸಾಧನೆಯಲ್ಲಿ ಒಂದಾದ ಮೇಲೊಂದರಂತೆ ಹಾಡುವುದನ್ನು ಇಲ್ಲಿ ಒಂದರ ಮೇಲೊಂದು ಇಟ್ಟದ್ದಷ್ಟೇ. ತಾಲೀಮಿನಲ್ಲಿ ಹತ್ತು ಸಲ ಪ್ರಯತ್ನಿಸಿದರೆ ಏಳು ಸಲ ಕೂಡಿಬರುತ್ತಿತ್ತು. ಕಛೇರಿಯ ದಿನ ಕೂಡಿಬಂತು.

ಹೊರಗಿನದನ್ನು ತಂದು ಬೆರೆಸುವುದು ನಮ್ಮವರಿಗೆ ಹೊಸದೂ ಅಲ್ಲ. ಮುತ್ತುಸ್ವಾಮಿ ದೀಕ್ಷಿತರು (1775–1835) ಮದರಾಸಿನ ಕಡೆಯಲ್ಲಿ ಕೇಳಿದ ಇಂಗ್ಲಿಷರ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಜೋಡಿಸಿ ನೊಟ್ಟುಸ್ವರಗಳನ್ನು ಕಟ್ಟಿದರು. ‘ಸಂತತಂ ಪಾಹಿಮಾಂ’ ಎಂಬುದು ಬ್ರಿಟಿಷ್ ರಾಜಗೀತೆಯ ಮಟ್ಟು. ಅವರ ತಮ್ಮ ಬಾಲುಸ್ವಾಮಿಗಳು ಆಗಲೇ ಪಿಟೀಲನ್ನು ಕಲಿತು ನಮ್ಮದಾಗಿಸಿದರು. ಅಂದು ಆ ಕಡೆಯಿಂದ ಮಟ್ಟು ಬಂತು, ಈಗ ಈ ಕಡೆಯಿಂದ ಒಂದು ಹೋಗಿದೆ.

ತಪ್ಪೊಪ್ಪಿಗೆಯೊಂದು ಬಾಕಿಯಿದೆ. ಹಿರಿಯರು ಮೊಬೈಲಿನಲ್ಲಿ ಕೇಳಿ ಸಿಟ್ಟಾದ ತುಣುಕು ಆರನೆಯ ಭೇದದ್ದು. ಅದು ಮೂರೆಣಿಕೆಯ ಯುರೋಪಿನ ಕುಣಿತವಾದ ವಾಲ್ಟ್ಸ್ ನಡೆಯಲ್ಲಿತ್ತು. ಆರು ಅಕ್ಷರಗಳನ್ನು ಬೇಕೆಂದೇ ಮೂರು ಮೂರಾಗಿ ಮುರಿದು, ನಾನೇ ತಿದ್ದಿಸಿದ್ದ ತಪ್ಪನ್ನು ತಮಾಷೆಯಾಗಿ ಮರಳಿ ತಂದಿದ್ದೆ. ಸಭೆ ಅದಕ್ಕೇ ಹೆಚ್ಚು ಚಪ್ಪಾಳೆ ತಟ್ಟಿತು. ಆದರೆ ಎರಡು ವಾರಗಳ ತಾಲೀಮಿನಿಂದ ಬಂದಿದ್ದ ರೂಪಕದ ನಡೆಯನ್ನು ಆ ಒಂದು ನಿಮಿಷ ಕೆಡಿಸಿತು. ಅದರ ಹಿಂದೆಯೇ ಮೂಲಗೀತೆ ಮರಳಿ ಬಂದಾಗ ಹಲವರ ಕೈ ಇನ್ನೂ ವಾಲ್ಟ್ಸ್‌ನಲ್ಲೇ ಇತ್ತು. ಆ ಭೇದವನ್ನು ಈಗ ತೆಗೆದುಹಾಕಿದ್ದೇನೆ. ಉಳಿದಿರುವುದು ಐದು.

ಸುದ್ದಿಯಲ್ಲಿ ‘ಶ್ರೀ ಗಣನಾಥ’ವನ್ನು ‘ಕೃತಿ’ ಎಂದು ಅಚ್ಚಾಗಿದೆ, ಅದು ಗೀತೆ. ದಯವಿಟ್ಟು ತಿದ್ದಿಕೊಳ್ಳಬೇಕು. ತಿದ್ದಿದ ರಚನೆಯ ಪ್ರತಿಯನ್ನು ಪಾಶ್ಚಾತ್ಯ ಲಿಪಿಯಲ್ಲೂ ನಮ್ಮ ಸ್ವರಲಿಪಿಯಲ್ಲೂ ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ, ಅದನ್ನು ಹಿರಿಯರಿಗೆ ತಲುಪಿಸಬೇಕಾಗಿ ಕೋರುತ್ತೇನೆ. ಮೂರು ಕಾಲದ ಭೇದದಲ್ಲಿ ಬೇಸ್‌ನ ಧೈವತವೂ ಮ್ಯಾಂಡೊಲಿನ್‌ಗಳ ಪಂಚಮವೂ ತಾಕಲಾಡುವ ಎರಡು ಜಾಗಗಳಿವೆ. ಅಲ್ಲಿ ಪೆನ್ಸಿಲಿನಿಂದ ಗುರುತು ಮಾಡಿದ್ದೇನೆ. ಅವರ ಸಲಹೆ ಬಂದ ಮೇಲೆ ಆ ಎರಡು ಗೆರೆಗಳನ್ನು ಮತ್ತೆ ಬರೆಯುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಜರ್ಮನಿಯಲ್ಲಿ ನೆಲೆಸಿರುವ ಓದುಗ